ಸ್ಟೀಲ್ ಬೋಟಿನ ತಳಕ್ಕೆ 550ರ ಕಾಪರ್ ಪೇಂಟೋ, 1,100ರ ಸೆಲ್ಫ್ ಪಾಲಿಶಿಂಗೋ?

ಪ್ರಶ್ನೆ (ಮಲ್ಪೆ ಬೋಟು): ಸ್ಟೀಲ್ ಟ್ರಾಲ್ ಬೋಟು. ನೀರಿನ ಗೆರೆಯಲ್ಲಿ ಉದ್ದ 17 ಮೀಟರ್, ಅಗಲ 5.5, ನೀರೊಳಗೆ 2 ಮೀಟರ್. ಜೂನ್ 1ಕ್ಕೆ ಮೀನುಗಾರಿಕೆ ರಜೆ ಶುರುವಾದ ಮೇಲೆ ದಡಕ್ಕೆ ಎಳೆಸಿ, ತಳಕ್ಕೆ ಚಿಪ್ಪು, ಪಾಚಿ ಹತ್ತದ ಹಾಗೆ ಪೇಂಟ್ ಹೊಡೆಸಬೇಕು. ಗಟ್ಟಿ ಕಾಪರ್ ಪೇಂಟ್ ಲೀಟರಿಗೆ 550 ರೂ., ಸೆಲ್ಫ್ ಪಾಲಿಶಿಂಗ್ (ತಾನೇ ತೆಳ್ಳಗೆ ಸವೆದು ಅಡಿಯ ಹೊಸ ಪೊರೆ ಬಿಡುವಂಥದ್ದು) 1,100 ಅಂತಾರೆ. ಕಳೆದ ಸಲ ಹೊಡೆಸಿದ ಅಗ್ಗದ್ದು ಎಂಟೇ ತಿಂಗಳಿಗೆ ಹಪ್ಪಳದ ಹಾಗೆ ಎದ್ದು ಬಂತು, ಅಡಿಯೆಲ್ಲ ತುಕ್ಕು. ದುಪ್ಪಟ್ಟು ಕೊಟ್ಟರೆ ಪ್ರಯೋಜನ ಉಂಟಾ?

ಬಂದರಿನವ: ಲೀಟರ್ ದರ ಬಿಡಿ ಮಾರಾಯ್ರೇ, ಡಬ್ಬದ ಘನಾಂಶ (ಒಣಗಿದ ಮೇಲೆ ಉಳಿಯುವ ಪಾಲು) ಕೇಳಿ. ಅಗಲಕ್ಕೆ ಆಳ ಕೂಡಿಸಿ ಉದ್ದದಿಂದ ಗುಣಿಸಿದರೆ ತಳದ ಅಂದಾಜು ಸಿಗುತ್ತದೆ: 17 × 7.5, ಸುಮಾರು 128 ಚದರ ಮೀಟರ್. ಸೆಲ್ಫ್ ಪಾಲಿಶಿಂಗಿನ ಘನಾಂಶ ಶೇ. 50 ಇದ್ದರೆ 100 ಮೈಕ್ರಾನ್ ದಪ್ಪಕ್ಕೆ ಲೀಟರ್ 5 ಚ.ಮೀ. ಹಿಡಿಯುತ್ತದೆ. ಎರಡು ಕೋಟು, ಮೇಲೆ 25% ನಷ್ಟ: 64 ಲೀಟರ್, 70,400 ರೂ. ಅಗ್ಗದ್ದರ ಘನಾಂಶ ಶೇ. 40 ಆದರೆ ಅದೇ ದಪ್ಪಕ್ಕೆ 80 ಲೀಟರ್ ಬೇಕು, 44,000. ಅರ್ಧ ಬೆಲೆ ಅಂದದ್ದು ಅಲ್ಲಿಗೆ ಅರ್ಧ ಉಳಿಯಲಿಲ್ಲ. ಇನ್ನೊಂದು: ಗಟ್ಟಿ ಪೇಂಟಿನ ತಾಮ್ರ ಹೋದರೂ ಪೊರೆ ತಳದಲ್ಲೇ ಉಳಿದು ವರ್ಷ ವರ್ಷ ದಪ್ಪವಾಗುತ್ತದೆ, ಒಂದು ದಿನ ಪೂರಾ ಕೆರೆಸಬೇಕು, ಆ ಕೂಲಿಯನ್ನೂ ಸೇರಿಸಿ.

ತುಕ್ಕುವೈರಿ: ನಿಮ್ಮದು ಹಪ್ಪಳವಾದದ್ದು ಪೇಂಟ್ ಅಗ್ಗ ಅಂತಲ್ಲ. ಅಡಿಯಲ್ಲಿ ತುಕ್ಕು ಅಂದರೆ ಪ್ರೈಮರ್ ಪೊರೆ ಎಲ್ಲೋ ಹರಿದಿದೆ, ಅಥವಾ ಇರಲೇ ಇಲ್ಲ. ಬರಿ ಸ್ಟೀಲಿಗೆ ತಾಮ್ರದ ಪೇಂಟ್ ತಾಗಿದರೆ ಉಪ್ಪುನೀರಲ್ಲಿ ಸ್ಟೀಲೇ ತಿಂದುಹೋಗುತ್ತದೆ. ಈ ಸಲ ಎಳೆದ ಕೂಡಲೇ, ಚಿಪ್ಪು ಒದ್ದೆ ಇರುವಾಗಲೇ ಸಿಹಿನೀರಿನ ಪ್ರೆಶರ್ ಹೊಡೆದು ಕೆರೆಯಿರಿ. ಒಣಗಿದರೆ ಉಳಿ ಬೇಕು. ಹಳೇ ಪೇಂಟನ್ನು ಒಣಗಿಸಿ ಉಜ್ಜಬೇಡಿ, ಆ ಧೂಳು ವಿಷ. ತುಕ್ಕು ಬಂದಲ್ಲಿ ಲೋಹ ಕಾಣುವ ತನಕ ತೆಗೆದು ಎಪಾಕ್ಸಿ ಪ್ರೈಮರ್ ಎರಡು ಕೋಟು, ಮೇಲೆ ಟೈ ಕೋಟು (ಪ್ರೈಮರಿಗೆ ಕಾಪರ್ ಪೇಂಟ್ ಅಂಟಿಸುವ ನಡುವಿನ ಕೋಟು). ಅದಕ್ಕೆ ಹೆಬ್ಬೆರಳು ಒತ್ತಿದರೆ ಗುರುತು ಬೀಳಬೇಕು, ಬೆರಳಿಗೆ ಬಣ್ಣ ಹತ್ತಬಾರದು. ಕಾಪರ್ ಪೇಂಟ್ ಹೊಡೆಯುವ ಹೊತ್ತು ಅದೇ. ಪೂರಾ ಗಟ್ಟಿಯಾದ ಮೇಲೆ ಹೊಡೆದರೆ ಮತ್ತೆ ಹಪ್ಪಳ.

ಕಡಲತಡಿ: ಸೆಲ್ಫ್ ಪಾಲಿಶಿಂಗ್ ಸವೆಯುವುದು ಬೋಟು ಓಡಿದರೆ ಮಾತ್ರ. ಕಟ್ಟಿಟ್ಟ ಬೋಟಿಗೆ ಅಷ್ಟು ದುಡ್ಡು ದಂಡ. ವಾರಗಟ್ಟಲೆ ಕಡಲಲ್ಲೇ ಇರುವ ಬೋಟಾದರೆ ನನ್ನ ಓಟು ಅದಕ್ಕೇ. ಯಾವುದೇ ತಗೊಂಡರೂ ಡಬ್ಬದ ತಳಕ್ಕೆ ಕೋಲು ಹಾಕಿ ನೋಡಿ. ತಾಮ್ರ ಕೆಸರಿನ ಹಾಗೆ ಕೂತಿರುತ್ತದೆ. ಕಲಕದೆ ಮೇಲಿನದ್ದು ಹೊಡೆದರೆ ಬರೀ ಬಣ್ಣ ಹೊಡೆದ ಹಾಗೆ. ಮಳೆಗಾಲದ ತೇವ ಬೇರೆ: ತಗಡಿನ ಬಿಸಿ ಇಬ್ಬನಿ ಕೂರುವ ಮಟ್ಟಕ್ಕಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು. ಬೆಳಿಗ್ಗೆ ಬೆವರಿದ ತಗಡಿಗೆ ಬ್ರಶ್ ಮುಟ್ಟಿಸಬೇಡಿ.

ಮಲ್ಪೆ ಬೋಟು: ಸ್ಟೀಲಿನ ಬದಲು ತಾವು ಸವೆಯಲಿ ಅಂತ ತಳಕ್ಕೆ ಹಾಕಿದ ಜಿಂಕ್ ಗಟ್ಟಿಗಳಿಗೂ ಹೊಡೀಬಹುದಾ?

ತುಕ್ಕುವೈರಿ: ಬೇಡವೇ ಬೇಡ. ಪೇಂಟ್ ಬಿದ್ದರೆ ಜಿಂಕ್ ಕೆಲಸ ಮಾಡುವುದಿಲ್ಲ. ಹೊಡೆಯುವ ಮೊದಲು ಕಾಗದ ಅಂಟಿಸಿ. ಅರ್ಧ ಸವೆದಿದ್ದರೆ ಈಗಲೇ ಹೊಸದು ಹಾಕಿ. ಬೋಟಿಗೆ ಆನಿಕೆ ಕೊಟ್ಟ ಜಾಗಗಳೂ ಹಾಗೇ ಉಳಿದುಹೋಗುತ್ತವೆ. ಕೊನೇ ದಿನ ಆನಿಕೆ ಸರಿಸಿ ಅಲ್ಲಿಗೂ ಪ್ರೈಮರಿನಿಂದ ಶುರು ಮಾಡಿ ಹೊಡೆಸಿ.