ಕರಾವಳಿಗೆ ಹಳೆಯ ನಿಸ್ಸಾನ್ 370 ಝಡ್ ತರುವ ಮುನ್ನ: ಪ್ರಶ್ನೋತ್ತರ

ಪ್ರಶ್ನೆ (ಮಣಿಪಾಲದ ಸದಸ್ಯರು):
ನಮಸ್ಕಾರ ಸರ್. ಮುಂಬಯಿಯಲ್ಲಿ 2011ರಲ್ಲಿ ನೋಂದಣಿಯಾದ, ಮ್ಯಾನುವಲ್ ಗೇರಿನ ನಿಸ್ಸಾನ್ 370 ಝಡ್ ಸ್ಪೋರ್ಟ್ಸ್ ಕಾರೊಂದು ಮಾರಾಟಕ್ಕಿದೆ. ಓಡಿರುವುದು 31,000 ಕಿಲೋಮೀಟರ್ ಮಾತ್ರ. ಇಷ್ಟು ಕಡಿಮೆ ಓಡಿದ ಕಾರಿನಲ್ಲಿ ನೋಡುವಂಥದ್ದು ಏನೂ ಇಲ್ಲವೆಂದು ಮಾರುವವರು ಹೇಳುತ್ತಾರೆ. ಇದು ನನ್ನ ಬಹುದಿನಗಳ ಆಸೆಯ ಕಾರು. ಮುಂಬಯಿಗೆ ಹೋದಾಗ ನಾನು ಏನನ್ನು ಪರೀಕ್ಷಿಸಬೇಕು? ದಾಖಲೆಗಳಲ್ಲಿ ಯಾವುದಕ್ಕೆ ಗಮನ ಕೊಡಬೇಕು?

ಉತ್ತರ (ಗ್ಯಾರೇಜ್ ನಡೆಸುವ ಸದಸ್ಯರು, ಮಂಗಳೂರು):
ನಮಸ್ಕಾರ. ಒಳ್ಳೆಯ ಕಾರನ್ನೇ ಆರಿಸಿದ್ದೀರಿ. ಆದರೆ ಕಡಿಮೆ ಓಡಿದೆ ಎಂಬುದನ್ನು ದಯವಿಟ್ಟು ಗುಣವೆಂದು ಎಣಿಸಬೇಡಿ. ಸಮುದ್ರದ ಗಾಳಿ ಬೀಸುವ ಊರಿನಲ್ಲಿ ವರ್ಷಗಟ್ಟಲೆ ನಿಂತ ಕಾರಿಗಿಂತ, ವಾರವಾರವೂ ಓಡಿ ಹೊತ್ತಿಗೆ ಸರಿಯಾಗಿ ಆಯಿಲ್ ಬದಲಾಯಿಸಿಕೊಂಡ ಕಾರಿನ ಮೇಲೆ ನನಗೆ ಹೆಚ್ಚು ನಂಬಿಕೆ. ನಿಂತ ಕಾರಿನಲ್ಲಿ ರಬ್ಬರ್ ಸೀಲುಗಳು ಒಣಗುತ್ತವೆ, ಬ್ರೇಕ್ ಪ್ಯಾಡನ್ನು ಒತ್ತುವ ಕ್ಯಾಲಿಪರ್ ಹಿಡಿದುಕೊಳ್ಳುತ್ತದೆ, ಟ್ಯಾಂಕಿನ ಪೆಟ್ರೋಲ್ ಕೆಡುತ್ತದೆ. ಟೈರಿನ ಪಕ್ಕದಲ್ಲಿ ಅಂಡಾಕಾರದ ಗೆರೆಯೊಳಗೆ ನಾಲ್ಕು ಅಂಕಿಗಳು ಇರುತ್ತವೆ. ಅಲ್ಲಿ 2314 ಎಂದಿದ್ದರೆ ಆ ಟೈರ್ 2014ರ 23ನೆಯ ವಾರದಲ್ಲಿ ತಯಾರಾದದ್ದು. ಟೈರಿನ ಮೇಲಿನ ಪಟ್ಟೆಗಳು ಎಷ್ಟೇ ಆಳವಾಗಿ ಕಂಡರೂ ಅದನ್ನು ಹಾಕಿಕೊಂಡು ಮಳೆಯಲ್ಲಿ ಓಡಿಸಲಾಗದು. 19 ಇಂಚಿನ ನಾಲ್ಕು ಹೊಸ ಟೈರುಗಳ ವೆಚ್ಚವನ್ನು ಈಗಲೇ ಬೆಲೆಯಲ್ಲಿ ಕಳೆದು ಮಾತನಾಡಿ.

ಈ ಮಾದರಿಯಲ್ಲಿ ಎರಡು ದೋಷಗಳು ಪ್ರಪಂಚದಾದ್ಯಂತ ಮಾಲೀಕರಿಗೆ ಗೊತ್ತಿರುವಂಥವು. ಮೊದಲನೆಯದು, 3.7 ಲೀಟರಿನ ವಿ6 ಎಂಜಿನ್ನಿನ ಮುಂಭಾಗದಲ್ಲಿ, ಟೈಮಿಂಗ್ ಚೈನ್ ಕವರಿನ ಹಿಂದೆ ಇರುವ ಆಯಿಲ್ ಗ್ಯಾಲರಿ ಗ್ಯಾಸ್ಕೆಟ್, ಅಂದರೆ ಆಯಿಲ್ ಹರಿಯುವ ದಾರಿಯ ಸಂದು ಮುಚ್ಚುವ ತೆಳು ಪದರ. ಆರಂಭದ ವರ್ಷಗಳ ಕಾರುಗಳಲ್ಲಿ ಇದು ಕಾಗದದಂಥ ವಸ್ತುವಿನದ್ದು. ಕಾಲ ಕಳೆದಂತೆ ಇದು ಒಡೆದು, ಆಯಿಲ್ ಒಳಗೊಳಗೇ ಸೋರಿ, ಒತ್ತಡ ಕುಸಿಯುತ್ತದೆ. ಹೊರಗೆ ಒಂದು ಹನಿಯೂ ಕಾಣಿಸುವುದಿಲ್ಲ. ಡ್ಯಾಶ್‌ಬೋರ್ಡಿನ ಮೇಲಿನ ಮೂರು ಡಯಲುಗಳು ಆಯಿಲಿನ ಉಷ್ಣತೆ, ಬ್ಯಾಟರಿಯ ವೋಲ್ಟೇಜ್ ಮತ್ತು ಗಡಿಯಾರವನ್ನು ತೋರಿಸುತ್ತವೆಯೇ ಹೊರತು ಆಯಿಲಿನ ಒತ್ತಡವನ್ನು ತೋರಿಸುವುದಿಲ್ಲ. ಆದುದರಿಂದ ಅಲ್ಲಿನ ಮೆಕ್ಯಾನಿಕ್ ಒಬ್ಬರಿಂದ ಪ್ರೆಶರ್ ಗೇಜ್ ಹಾಕಿಸಿ, ಅರ್ಧ ಗಂಟೆ ಓಡಿಸಿ ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ನೋಡಿ. ಐಡ್ಲಿಂಗ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ) ಒತ್ತಡ 14 ಪಿಎಸ್‌ಐಗಿಂತ, 2,000 ಆರ್‌ಪಿಎಂನಲ್ಲಿ 43 ಪಿಎಸ್‌ಐಗಿಂತ ಕಡಿಮೆ ತೋರಿಸಿದರೆ ಮುಂದುವರಿಯಬೇಡಿ. ತಣ್ಣಗಿನ ಎಂಜಿನ್ನಿನಲ್ಲಿ ಮಾಡಿದ ಪರೀಕ್ಷೆಗೆ ಬೆಲೆಯಿಲ್ಲ.

ಎರಡನೆಯದು ಕ್ಲಚ್ಚಿನ ಸ್ಲೇವ್ ಸಿಲಿಂಡರ್, ಅಂದರೆ ಪೆಡಲ್ ಒತ್ತಿದಾಗ ದ್ರವದ ಒತ್ತಡದಿಂದ ಕ್ಲಚ್ಚನ್ನು ಬಿಡಿಸುವ ಭಾಗ. ಅದು ಗೇರ್‌ಬಾಕ್ಸಿನ ಗೂಡಿನೊಳಗೇ ಇರುವುದರಿಂದ, ಭಾಗ ಚಿಕ್ಕದಾದರೂ ಬದಲಾಯಿಸಲು ಇಡೀ ಗೇರ್‌ಬಾಕ್ಸ್ ಇಳಿಸಬೇಕಾಗುತ್ತದೆ. ಬಾನೆಟ್ ತೆರೆದು ಕ್ಲಚ್ ಆಯಿಲಿನ ಡಬ್ಬಿಯ ಮುಚ್ಚಳ ತೆಗೆದಾಗ ಒಳಗಿನ ದ್ರವ ಕಪ್ಪಾಗಿದ್ದರೆ, ಅಥವಾ ಪೆಡಲ್ ಮೇಲೆ ಬರಲು ತಡವರಿಸಿದರೆ, ಆ ಕೆಲಸ ಸದ್ಯದಲ್ಲೇ ಬರಲಿದೆ ಎಂದು ತಿಳಿಯಿರಿ. ಇದೊಂದಕ್ಕಾಗಿ ಕಾರನ್ನು ಬಿಡಬೇಕಾಗಿಲ್ಲ, ಬೆಲೆ ಇಳಿಸಿಕೊಂಡರೆ ಸಾಕು.

ದಾಖಲೆಗಳಲ್ಲಿ ಮೊದಲು ಆರ್‌ಸಿಯ (ನೋಂದಣಿ ಪತ್ರದ) ಅವಧಿ ನೋಡಿ. ಖಾಸಗಿ ಕಾರಿನ ನೋಂದಣಿ 15 ವರ್ಷಗಳಿಗೆ ಇರುವುದರಿಂದ ಈ ಕಾರಿನದ್ದು 2026ಕ್ಕೆ ಮುಗಿಯುತ್ತದೆ. ಅನಂತರ ಫಿಟ್‌ನೆಸ್ ಪರೀಕ್ಷೆ ಮಾಡಿಸಿ 5 ವರ್ಷಗಳಿಗೊಮ್ಮೆ ನವೀಕರಿಸಬೇಕು. ಮಹಾರಾಷ್ಟ್ರದ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಸಾಲವಿದ್ದರೆ ಅದು ತೀರಿದೆಯೆಂಬ ಬ್ಯಾಂಕಿನ ಫಾರಂ 35, ಮಾಲೀಕತ್ವ ವರ್ಗಾವಣೆಗೆ ಮಾರಿದವರ ಸಹಿಯಿರುವ ಫಾರಂ 29 ಮತ್ತು 30 ಕೈಗೆ ಬಾರದೆ ಪೂರ್ತಿ ಹಣ ಕೊಡಬೇಡಿ. ಕರ್ನಾಟಕದ ಜೀವಾವಧಿ ತೆರಿಗೆಯನ್ನು ಮತ್ತೆ ಕಟ್ಟಬೇಕಾಗುತ್ತದೆ. ಕಾರಿನ ವಯಸ್ಸನ್ನು ನೋಡಿ ಅದರ ಲೆಕ್ಕ ಹಾಕುತ್ತಾರೆ. ಆ ಮೊತ್ತವನ್ನು ಉಡುಪಿಯ ಆರ್‌ಟಿಒದಲ್ಲಿ ಮೊದಲೇ ಕೇಳಿಕೊಂಡು ಚೌಕಾಸಿಗೆ ಕುಳಿತುಕೊಳ್ಳಿ.

ಪ್ರಶ್ನೆ (ಸುರತ್ಕಲ್‌ನ ಸದಸ್ಯರು):
ಅದೇ ಕಾಲದ ಮಿತ್ಸುಬಿಷಿ ಲ್ಯಾನ್ಸರ್ ಇವೊಲ್ಯೂಷನ್ ಎಕ್ಸ್ ಕೂಡ ಭಾರತದಲ್ಲಿ ಮಾರಾಟವಾಗಿತ್ತಲ್ಲ? ನಾಲ್ಕು ಬಾಗಿಲು, ನಾಲ್ಕು ಚಕ್ರಗಳಿಗೂ ಶಕ್ತಿ. ನಮ್ಮ ಮಳೆಗೆ ಅದೇ ಮೇಲಲ್ಲವೇ?

ಉತ್ತರ:
ಮಳೆಯ ರಸ್ತೆಯಲ್ಲಿ ಹಿಡಿತದ ಮಟ್ಟಿಗೆ ನಿಮ್ಮ ಮಾತು ನಿಜ. ಆದರೆ ಹಿಂದಿನ ಚಕ್ರಗಳಿಗೆ ಶಕ್ತಿಯನ್ನು ಹಂಚುವ ವ್ಯವಸ್ಥೆಯ ಹೈಡ್ರಾಲಿಕ್ ಪಂಪು ಆ ಕಾರಿನಲ್ಲಿ ಹಿಂದಿನ ಚಕ್ರದ ಬಳಿ, ಕೆಸರು ನೀರು ಎರಚುವ ಜಾಗದಲ್ಲೇ ಇದೆ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುವ ದೇಶಗಳಲ್ಲಿ ಅದು ತುಕ್ಕು ಹಿಡಿದು ಕೆಟ್ಟ ಉದಾಹರಣೆಗಳು ಬಹಳ. ವರ್ಷಕ್ಕೆ 3,500 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ, ಕಡಲ ಗಾಳಿಯ ನಮ್ಮೂರಿನಲ್ಲಿ ಅದನ್ನು ಬಿಚ್ಚಿ ನೋಡದೆ ಕೊಳ್ಳಬಾರದು. ಮೇಲಾಗಿ ಮಿತ್ಸುಬಿಷಿಯ ಬಿಡಿಭಾಗಗಳಿಗೆ ಇಂದು ಹೊರದೇಶದ ಕಡೆ ನೋಡಬೇಕಾದೀತು. ಇಬ್ಬರಿಗೂ ಹೇಳುವುದೊಂದೇ: ಕಾರನ್ನು ಲಿಫ್ಟಿಗೆ ಏರಿಸಿ, ಬಾಗಿಲ ಕೆಳಗಿನ ಅಂಚು, ಚಕ್ರದ ಕಮಾನಿನ ಒಳಬದಿ, ಸಸ್ಪೆನ್ಷನ್ನಿನ ಬೋಲ್ಟುಗಳನ್ನು ಟಾರ್ಚ್ ಹಿಡಿದು ನೋಡಿ. ಹೊಸದಾಗಿ ಬಳಿದ ದಪ್ಪನೆಯ ಕಪ್ಪು ಕೋಟಿಂಗ್ ಕಂಡರೆ ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲನೆ ತಟ್ಟಿ. ಗಟ್ಟಿ ತಗಡಿನ ನಾದ ಬರಬೇಕು. ಮೆತ್ತಗೆ ಮಂದವಾಗಿ ಕೇಳಿಸಿದರೆ ಕೋಟಿಂಗಿನ ಹಿಂದೆ ತುಕ್ಕು ಇದೆ.

ಪ್ರಶ್ನೆ (ಮಣಿಪಾಲದ ಸದಸ್ಯರು):
ತುಂಬಾ ಉಪಕಾರವಾಯಿತು ಸರ್. ಕೊಂಡರೆ ಭಾನುವಾರದ ಬೆಳಗ್ಗೆ ಹೆಬ್ರಿಯ ಮೂಲಕ ಆಗುಂಬೆಗೆ ಹೋಗಿ ಬರುವ ಆಸೆಯಿದೆ. ತೊಂದರೆಯಿಲ್ಲವಲ್ಲ?

ಉತ್ತರ:
ಖಂಡಿತ ಹೋಗಿ, ಅದಕ್ಕಾಗಿಯೇ ತಾನೆ ಇಂಥ ಕಾರು? ಗೇರ್ ಲಿವರಿನ ಬಳಿಯ ‘ಎಸ್’ ಗುಂಡಿ ಒತ್ತಿದರೆ, ಕೆಳಗಿನ ಗೇರಿಗೆ ಇಳಿಸುವಾಗ ಎಂಜಿನ್ ತಾನಾಗಿಯೇ ಆರ್‌ಪಿಎಂ ಏರಿಸಿ ಹೊಂದಿಸಿಕೊಳ್ಳುತ್ತದೆ. ಆ ಹೊಂದಿಕೆಯ ಸುಖ ಅತಿವೇಗವಿಲ್ಲದೆಯೂ ಸಿಗುತ್ತದೆ. ಆಗುಂಬೆಯ ತಿರುವುಗಳು ತೀರಾ ಇಕ್ಕಟ್ಟು, ಎದುರಿನಿಂದ ಮಿನಿ ಬಸ್ಸು ಬಂದರೆ ಇಬ್ಬರೂ ನಿಲ್ಲಬೇಕು. ಆದುದರಿಂದ ವೇಗದ ಆಸೆಯನ್ನು ಅಲ್ಲಿಗೆ ಒಯ್ಯಬೇಡಿ. ಹೆಬ್ರಿಯಿಂದ ಸೋಮೇಶ್ವರದವರೆಗಿನ ಕಾಡಿನ ರಸ್ತೆಯೇ ಈ ಕಾರಿಗೆ ಹೆಚ್ಚು ಒಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ. ಘಾಟಿಯಲ್ಲಿ ಆಯಿಲಿನ ಉಷ್ಣತೆಯ ಮುಳ್ಳಿನ ಮೇಲೆ ಕಣ್ಣಿರಲಿ. ಅದು 140 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದರೆ ಎಂಜಿನ್ ತನ್ನನ್ನು ಕಾಪಾಡಿಕೊಳ್ಳಲು ಶಕ್ತಿಯನ್ನು ತಗ್ಗಿಸುತ್ತದೆ. ಅಷ್ಟು ದೂರ ಹೋಗಲು ಬಿಡದೆ ಮೊದಲೇ ನಿಧಾನಿಸಿ. ಮಳೆಗಾಲದಲ್ಲೂ ಹದಿನೈದು ದಿನಕ್ಕೊಮ್ಮೆಯಾದರೂ ಎಂಜಿನ್ ಪೂರ್ತಿ ಬಿಸಿಯಾಗುವಷ್ಟು ಓಡಿಸಿ. ಮಲ್ಪೆ ಅಥವಾ ಮರವಂತೆಯ ಕಡಲ ಬದಿಯಲ್ಲಿ ನಿಲ್ಲಿಸಿದ ದಿನ ಮನೆಗೆ ಬಂದೊಡನೆ ಸಿಹಿನೀರಿನಿಂದ ಕಾರಿನ ತಳಭಾಗವನ್ನು ತೊಳೆಯಿರಿ. ಮುಂಬಯಿಯ ಗೇಜಿನ ಅಂಕಿಗಳ ಫೋಟೋ ತೆಗೆದು ಇಲ್ಲಿ ಹಾಕಿ. ಮುಂಗಡ ಕೊಡುವ ಮೊದಲು ನಾನು ನೋಡಿ ಹೇಳುತ್ತೇನೆ.