ಇನಾನ್ನಾ ಅಂದ್ರೆ ಅನ್ನಪೂರ್ಣೆನಾ? (ನಮ್ಮ ‘ಅಜ್ಜಿ ಮನೆ’ ಗ್ರೂಪು, ಭಾನುವಾರ)

ರಾಜು ಮಾಮ: (ಫಾರ್ವರ್ಡ್) 5000 ವರ್ಷದ ಹಿಂದೆ ಸುಮೇರಿಯಾದವರು (ಈಗಿನ ಇರಾಕಿನ ದಕ್ಷಿಣ ಭಾಗ) ಪೂಜಿಸುತ್ತಿದ್ದ ಇನಾನ್ನಾ ನಮ್ಮ ಅನ್ನಪೂರ್ಣೆಯೇ! ಇನ್ + ಅನ್ನ. ಫೋಟೋದಲ್ಲಿ ಸಿಂಹ ನೋಡಿ. 10 ಜನಕ್ಕೆ ಕಳಿಸಿ 🙏

ಶ್ವೇತಾ: ಮಾಮ, ‘ನಿನ್’ ಅಂದ್ರೆ ಒಡತಿ, ‘ಅನ್’ ಅಂದ್ರೆ ಆಕಾಶ. ಆಕಾಶದ ಒಡತಿ. ಅನ್ನ ಎಲ್ಲಿಂದ ಬಂತು? ಆ ಫೋಟೋನೂ ಸುಮೇರಿಯಾದ್ದಲ್ಲ, ಸುಮಾರು ಕ್ರಿ.ಪೂ. 1800ರ ಬ್ಯಾಬಿಲೋನಿನ ಮಣ್ಣಿನ ಫಲಕ. ಅವಳು ಯಾವ ದೇವಿ ಅಂತ ಪಂಡಿತರಲ್ಲೇ ಜಗಳ ಇದೆ. ಪಾದ ನೋಡಿ.

ಸರೋಜತ್ತೆ: ಜೂಮ್ ಮಾಡ್ದೆ. ರೀ, ಹಕ್ಕಿ ಕಾಲಿದೆ!

ರಾಜು ಮಾಮ: ಫೋಟೋ ಬಿಡಿ. ಸುಮೇರಿಯಾದ ಉರ್ ಅನ್ನೋ ಊರಿನ ಗೋರಿಗಳಲ್ಲಿ ಸಿಂಧೂ ಕಣಿವೆಯ ಕೆಂಪು ಮಣಿ ಸಿಕ್ಕಿಲ್ವಾ?

ಶ್ವೇತಾ: ಸಿಕ್ಕಿದೆ. ಮಣಿ ಹೋದ ದೋಣಿಗೆ ದೇವಿನೂ ಹತ್ತಿದ್ಲು ಅಂತ ಹೇಳೋಕೆ ಏನ್ ಪುರಾವೆ ಇದೆ? ಇನಾನ್ನಾ ಪ್ರೀತಿಗೂ ಯುದ್ಧಕ್ಕೂ ದೇವಿ. ಪಾತಾಳದಿಂದ ವಾಪಸ್ ಬರಕ್ಕೆ ತನ್ನ ಬದಲು ಗಂಡ ಡುಮುಜಿನ ಕೊಟ್ಟವಳು.

ಸರೋಜತ್ತೆ: ಪಾಪ, ಅವನೇನ್ ಮಾಡಿದ್ದ?

ಶ್ವೇತಾ: ಇವಳು ಅಲ್ಲಿ ಸತ್ತು ಬಿದ್ದಿದ್ರೆ ಅವನು ಒಳ್ಳೆ ಬಟ್ಟೆ ಹಾಕ್ಕೊಂಡು ಸಿಂಹಾಸನದ ಮೇಲೆ ಕೂತಿದ್ದ.

ಸರೋಜತ್ತೆ: ಹಾಗಾದ್ರೆ ಸರಿಯಾಗೇ ಮಾಡಿದ್ಲು 😄

ಕಿರಣ: ನಂಗೆ ಪುರಾಣಕ್ಕಿಂತ ಅವರ ದೇವಸ್ಥಾನದ ಲೆಕ್ಕಪತ್ರ ಇಷ್ಟ. ಗಿರ್ಸು ಅನ್ನೋ ಊರಲ್ಲಿ ಬಾವು ದೇವಿಯ ಆಸ್ತಿದು, ಕ್ರಿ.ಪೂ. 24ನೇ ಶತಮಾನದ್ದು, ಸಾವಿರಕ್ಕೂ ಹೆಚ್ಚು ಮಣ್ಣಿನ ಹಲಗೆ ಸಿಕ್ಕಿವೆ. ತಿಂಗಳ ತಿಂಗಳ ಬಾರ್ಲಿ ಯಾರಿಗೆಷ್ಟು ಅಂತ. ನೇಯೋ ಹೆಂಗಸರು, ಬಿಯರ್ ಮಾಡೋರು, ಮೀನು ಹಿಡಿಯೋರು, ತೋಟದವರು. ತಾಯಿ ಹೆಸರಿನ ಜೊತೆ ಮಕ್ಕಳ ಪಾಲೂ ಬರೆದಿದ್ದಾರೆ. ಪಟ್ಟಿ ಓದ್ತಾ ಹೋದ್ರೆ ದೇವಸ್ಥಾನ ಅನ್ನೋದಕ್ಕಿಂತ ದೊಡ್ಡ ಜಮೀನ್ದಾರರ ಮನೆ ಅನ್ಸತ್ತೆ. ಅವರ ಭಾಷೆಲೂ ದೇವಸ್ಥಾನಕ್ಕೆ ‘ಏ’, ಅಂದ್ರೆ ಮನೆ ಅಂತಾನೇ.

ರಾಜು ಮಾಮ: ನಡೆಸ್ತಿದ್ದೋರು ಪೂಜಾರಿಗಳು ತಾನೇ?

ಕಿರಣ: ಅಲ್ಲ ಮಾಮ, ರಾಜನ ಹೆಂಡ್ತಿ. ಮೊದಲು ಬರನಮ್ತರಾ. ಆಮೇಲೆ ಉರುಕಗಿನಾ ರಾಜ ಆದ. ಹಿಂದಿನವರು ದೇವರ ಎತ್ತು ಕಟ್ಟಿ ತಮ್ಮ ಈರುಳ್ಳಿ ಹೊಲ ಉಳುಮೆ ಮಾಡಿಸ್ಕೊಂಡ್ರು, ದೇವರ ಒಳ್ಳೆ ಜಮೀನಲ್ಲೇ ತಮ್ಮ ಸೌತೆಕಾಯಿ ಬೆಳ್ಕೊಂಡ್ರು ಅಂತ ಶಾಸನ ಬರೆಸಿ, ಎಲ್ಲಾ ದೇವರುಗಳಿಗೆ ವಾಪಸ್ ಕೊಟ್ಟೆ ಅಂದ.

ಸರೋಜತ್ತೆ: ಕೊಟ್ನಾ?

ಕಿರಣ: ಆಸ್ತಿ ಹೆಸರು ‘ಹೆಂಗಸಿನ ಮನೆ’ ಅಂತಿದ್ದದ್ದು ‘ಬಾವುವಿನ ಮನೆ’ ಆಯ್ತು. ಲೆಕ್ಕ ನೋಡ್ಕೊಂಡಿದ್ದು ಅವನ ಹೆಂಡ್ತಿ ಶಾಶಾ.

ಸರೋಜತ್ತೆ: ಬೋರ್ಡು ಮಾತ್ರ ಬದಲಾಯ್ತು ಅನ್ನು.

ರಾಜು ಮಾಮ: ಈ ಎತ್ತಿಂದು ಚೆನ್ನಾಗಿದೆ. ಫಾರ್ವರ್ಡ್ ಮಾಡ್ಲಾ?

ಶ್ವೇತಾ: ಮಾಡಿ. ಮೊದಲಿಂದು ಡಿಲೀಟ್ ಮಾಡಿ.

ರಾಜು ಮಾಮ: ಅದು ಆಗ್ಲೇ ವಾಕಿಂಗ್ ಗ್ರೂಪಿಗೆ, ಬೀಗರ ಗ್ರೂಪಿಗೆ ಹೋಗಿದೆ ಕಣಮ್ಮ.