ಸಹಾಯ ಬೇಕು: ಮಗಳಿಗೆ ಶುಗರ್ ಸೆನ್ಸರ್ ಸಿಗುವ ದಾರಿ ಇದೆಯಾ?

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ 9 ವರ್ಷ, ಟೈಪ್ 1 ಡಯಾಬಿಟಿಸ್. ದಿನಕ್ಕೆ ಏಳೆಂಟು ಸಲ ಬೆರಳು ಚುಚ್ಚಿ ಶುಗರ್ ನೋಡುತ್ತೇವೆ. ಬೆರಳ ತುದಿ ಗಟ್ಟಿಯಾಗಿಬಿಟ್ಟಿದೆ, ಈಗೀಗ ಒಂದೇ ಸಲಕ್ಕೆ ರಕ್ತ ಬರುವುದಿಲ್ಲ. "ಈ ಬೆರಳು ಬೇಡಮ್ಮ, ಆ ಕಡೆದು" ಅಂತ ತಾನೇ ಕೈ ಚಾಚುತ್ತಾಳೆ.

ರಾತ್ರಿ ಭಯ ಜಾಸ್ತಿ. ಮೊನ್ನೆ ಮೂರು ಗಂಟೆಗೆ ಅಲಾರಂ ಹೊಡೆದಾಗ ಎದ್ದು ನೋಡಿದರೆ ದಿಂಬೆಲ್ಲ ಬೆವರಿನಿಂದ ಒದ್ದೆ, ಶುಗರ್ 52ಕ್ಕೆ ಇಳಿದಿತ್ತು, ಅಪಾಯದಷ್ಟು ಕಡಿಮೆ. ಮೈಗೆ ಅಂಟಿಸಿಕೊಂಡರೆ ಹಗಲು ರಾತ್ರಿ ತಾನೇ ಶುಗರ್ ನೋಡುತ್ತಿರುವ ಆ ಸೆನ್ಸರ್ ಇದ್ದಿದ್ದರೆ, 70ಕ್ಕೆ ಇಳಿಯುವಾಗಲೇ ಫೋನ್ ಕೂಗಿ ಎಬ್ಬಿಸುತ್ತಿತ್ತು. ಆದರೆ ಒಂದು ಸೆನ್ಸರ್ 10ರಿಂದ 15 ದಿನ ಬಂದರೆ ಹೆಚ್ಚು, ಆಮೇಲೆ ಹೊಸದು ಬೇಕು. ಪ್ರತಿ ತಿಂಗಳೂ ಕೊಳ್ಳುವ ಶಕ್ತಿ ನಮಗಿಲ್ಲ. ವಿಮೆಯವರು "ಅಗತ್ಯವಿಲ್ಲ" ಎಂದು ಅರ್ಜಿ ವಾಪಸ್ ಕಳಿಸಿದ್ದಾರೆ. ದುಡ್ಡಿರುವ ಮನೆಯ ಮಗುವಿಗೆ ಮಾತ್ರ ಅದು ಅಗತ್ಯ ಅಂದರೆ ಹೇಗೆ? ಕಾಯಿಲೆ ಒಂದೇ ಅಲ್ವಾ?

ಹೀಗೆ ವಾಪಸ್ ಬಂದ ಮೇಲೆ ಮತ್ತೆ ಅರ್ಜಿ ಹಾಕಿ ಮಂಜೂರು ಮಾಡಿಸಿಕೊಂಡವರು ಯಾರಾದರೂ ಇದ್ದೀರಾ? ಡಾಕ್ಟರ ಪತ್ರದಲ್ಲಿ ಏನೇನು ಬರೆಸಿದಿರಿ? ರಾತ್ರಿ ಶುಗರ್ ಇಳಿದದ್ದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಅದರ ನಕಲು ಜೊತೆಗಿಟ್ಟರೆ ಪ್ರಯೋಜನ ಆಗುತ್ತದಾ? ಅನುಭವ ಇದ್ದವರು ದಯವಿಟ್ಟು ತಿಳಿಸಿ.